ಬೀಗ ಹಾಕಿದ ಬಾಗಿಲು ಮತ್ತು ಇತರ ಪ್ರಶ್ನೆಗಳು

ಅಮೆರಿಕದ ಚುನಾವಣೆ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದರಲ್ಲಿ ‘ಪ್ರೊಗ್ರೆಸಿವ್’, ಅಂದರೆ ಪ್ರಗತಿಪರ, ಎಂಬ ಪದ ಬಂದಿದ್ದೇ ತಪ್ಪಾಯಿತು ನೋಡಿ, ಈ ಸಲದ ಕಾಗದಗಳೆಲ್ಲ ಅದರ ಬಗ್ಗೆಯೇ. ಹಾಗಾಗಿ ಬೇರೆ ಪ್ರಶ್ನೆಗಳು ಮುಂದಿನ ಬಾರಿಗೆ.

ಪ್ರಶ್ನೆ: ಪ್ರೊಗ್ರೆಸಿವ್ ಅಂದರೆ ಡೆಮೊಕ್ರಾಟಿಕ್ ಪಕ್ಷದ ಒಂದು ಗುಂಪು ಅಂತ ನಮ್ಮ ಮೇಷ್ಟ್ರು ಹೇಳಿದರು. ಇದು ಸರಿಯಾ? ಇದು ಶುರುವಾಗಿದ್ದು ಎಲ್ಲಿ?

ಉತ್ತರ: ಇವತ್ತಿನ ಮಟ್ಟಿಗೆ ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಆದರೆ ಶುರುವಿನಲ್ಲಿ ಕತೆ ಬೇರೆ ಇತ್ತು. ಆ ಹೆಸರು ಹೊತ್ತು ಮೊದಲು ಗಲಾಟೆ ಎಬ್ಬಿಸಿದವರಲ್ಲಿ ಬಹಳ ಜನ ರಿಪಬ್ಲಿಕನ್ನರು.

ನನಗೆ ಇದು ಗೊತ್ತಾಗಿದ್ದು ಪುಸ್ತಕದಿಂದಲ್ಲ, ಚಳಿಯಿಂದ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಓದುತ್ತಿದ್ದಾಗ, ಮೊದಲ ಚಳಿಗಾಲದಲ್ಲಿ, ಬಸ್ ತಪ್ಪಿಸಿಕೊಂಡು ಕಿವಿ ಮರಗಟ್ಟಿ ಸಿಕ್ಕಿದ ಕಟ್ಟಡದೊಳಗೆ ನುಗ್ಗಿದೆ. ಅದು ಅಲ್ಲಿನ ಶಾಸನಸಭೆಯ ಕಟ್ಟಡ. ಯಾರೂ ತಡೆಯಲಿಲ್ಲ. ಒಳಗೆ ಒಬ್ಬರ ಎದೆಮಟ್ಟದ ಮೂರ್ತಿ ಇತ್ತು. ತಲೆಗೂದಲು ನೆಟ್ಟಗೆ ಮೇಲಕ್ಕೆ, ಈಗಷ್ಟೇ ಯಾರನ್ನೋ ಬೈದು ಮುಗಿಸಿದ ಮುಖ. ಹೆಸರು ರಾಬರ್ಟ್ ಲಾ ಫಾಲೆಟ್. ಜನ ಕರೆಯುತ್ತಿದ್ದುದು ‘ಫೈಟಿಂಗ್ ಬಾಬ್’ ಅಂತ. ‘ಜಗಳಗಂಟ ಬಾಬ್’ ಅಂದುಕೊಳ್ಳಿ, ಅವರಿಗೆ ಸಿಟ್ಟು ಬರುತ್ತಿರಲಿಲ್ಲ.

ಆಗ ಆ ರಾಜ್ಯದಲ್ಲಿ ರೈಲ್ವೆ ಕಂಪನಿಗಳದ್ದೂ ಮರದ ವ್ಯಾಪಾರಿಗಳದ್ದೂ ದರ್ಬಾರು. ರಿಪಬ್ಲಿಕನ್ ಟಿಕೆಟ್ ಯಾರಿಗೆ ಎನ್ನುವುದು ಪಕ್ಷದ ಸಮಾವೇಶದಲ್ಲಿ ತೀರ್ಮಾನ. ಸಮಾವೇಶಕ್ಕೆ ಬರುವ ಪ್ರತಿನಿಧಿಗಳು ಯಾರ ಜೇಬಿನಲ್ಲಿದ್ದಾರೆ ಎನ್ನುವುದು ಅದಕ್ಕೂ ಮೊದಲೇ ತೀರ್ಮಾನ. 1891ರಲ್ಲಿ ಪಕ್ಷದ ಹಿರಿಯ ಸೆನೆಟರ್, ಮರದ ಸಾಹುಕಾರ ಫಿಲೇಟಸ್ ಸಾಯರ್, ತನಗೆ ಲಂಚ ಕೊಡಲು ಬಂದರು ಅಂತ ಲಾ ಫಾಲೆಟ್ ಹೇಳಿಬಿಟ್ಟರು. ಲಾ ಫಾಲೆಟ್ ಅವರ ಭಾವ ನ್ಯಾಯಾಧೀಶರಾಗಿದ್ದ ಕೋರ್ಟಿನಲ್ಲಿ ಒಂದು ಕೇಸು ಇತ್ತು. ಸಾಯರ್ ಅದೆಲ್ಲ ಸುಳ್ಳು ಎಂದರು. ಅಲ್ಲಿಂದ ಪಕ್ಷದ ದೊಡ್ಡವರಿಗೂ ಇವರಿಗೂ ಎಣ್ಣೆ ಸೀಗೇಕಾಯಿ. 1896ರಲ್ಲಿ ಗವರ್ನರ್ (ಅಲ್ಲಿ ಜನರೇ ಆರಿಸುವ ಹುದ್ದೆ, ನಮ್ಮ ಮುಖ್ಯಮಂತ್ರಿಯ ಹಾಗೆ) ಟಿಕೆಟ್ ಕೇಳಿದರು, ಸಿಗಲಿಲ್ಲ. 1898ರಲ್ಲೂ ಇಲ್ಲ. ಕೊನೆಗೆ 1900ರಲ್ಲಿ ಗೆದ್ದರು.

ಗೆದ್ದ ಮೇಲೆ ಅವರು ಹಿಡಿದ ಹಟ ಒಂದೇ. ಟಿಕೆಟ್ ಯಾರಿಗೆ ಅಂತ ಮುಚ್ಚಿದ ಕೋಣೆಯಲ್ಲಿ ನಾಯಕರು ಹೇಳಬಾರದು, ಮತದಾರರೇ ಓಟು ಹಾಕಿ ಹೇಳಬೇಕು. ಅದೇ ‘ಪ್ರೈಮರಿ’. ಅವರದೇ ಪಕ್ಷದ ಶಾಸಕರು ಮಸೂದೆಯನ್ನು ತಡೆದರು. ಇವರು ಊರೂರಿಗೆ ಹೋಗಿ, ನಿಮ್ಮ ಶಾಸಕರು ಯಾವ ಮಸೂದೆಗೆ ಹೇಗೆ ಓಟು ಹಾಕಿದರು ಅಂತ ಪಟ್ಟಿ ಓದಿ ಹೇಳುತ್ತಿದ್ದರು. ಬೈಗುಳ ಬೇಕಿಲ್ಲ, ಪಟ್ಟಿ ಓದಿದರೆ ಸಾಕು! 1904ರಲ್ಲಿ ಜನರೇ ಓಟು ಹಾಕಿ ಆ ಕಾನೂನಿಗೆ ಒಪ್ಪಿಗೆ ಕೊಟ್ಟರು. ಇವತ್ತು ಅಮೆರಿಕದ ಚುನಾವಣೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಪ್ರೈಮರಿಗಳಿಗೆ ದಾರಿ ಹಾಕಿದ್ದು ಇಂಥ ಕಾನೂನುಗಳೇ. 1905ರಲ್ಲಿ ರೈಲ್ವೆ ದರದ ಮೇಲೆ ಕಣ್ಣಿಡಲು ಆಯೋಗ ಬಂತು. 1911ರಲ್ಲಿ, ಅವರು ಸೆನೆಟರ್ ಆಗಿ ವಾಷಿಂಗ್ಟನ್ನಿಗೆ ಹೋದ ಮೇಲೆ, ಆದಾಯ ತೆರಿಗೆಯೂ ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರವೂ ಬಂದವು.

1924ರಲ್ಲಿ ಪ್ರೊಗ್ರೆಸಿವ್ ಹೆಸರಿನಲ್ಲೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸುಮಾರು 48 ಲಕ್ಷ ಓಟು ಬಂತು, ಅಂದರೆ ಆರರಲ್ಲಿ ಒಂದು ಪಾಲು. ಗೆದ್ದಿದ್ದು ಮಾತ್ರ ವಿಸ್ಕಾನ್ಸಿನ್ ಒಂದನ್ನೇ. ಮರುವರ್ಷ ತೀರಿಕೊಂಡರು.

ಪ್ರಶ್ನೆ: ಥಿಯೊಡೋರ್ ರೂಸ್‌ವೆಲ್ಟ್ ಎದೆಗೆ ಗುಂಡು ಬಿದ್ದರೂ ಭಾಷಣ ಮುಗಿಸಿದರಂತೆ. ಸುಮ್ನೆ ಕಟ್ಟುಕತೆ ಅಲ್ವಾ?

ಉತ್ತರ: ಕತೆಯಲ್ಲ, ನಡೆದದ್ದು. 1912ರ ಅಕ್ಟೋಬರ್ 14, ಮಿಲ್ವಾಕಿ. ಜೇಬಿನಲ್ಲಿ 50 ಪುಟದ ಭಾಷಣ ಮಡಿಸಿ ಇಟ್ಟುಕೊಂಡಿದ್ದರು, ಜೊತೆಗೆ ಕನ್ನಡಕದ ಡಬ್ಬಿ. ಗುಂಡು ಎರಡನ್ನೂ ತೂರಿಕೊಂಡು ಎದೆಯಲ್ಲಿ ನಿಂತಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿ ಆಮೇಲೆ ಆಸ್ಪತ್ರೆಗೆ ಹೋದರು. ಉದ್ದ ಭಾಷಣದಿಂದ ಜೀವ ಉಳಿದ ರಾಜಕಾರಣಿ ಅವರೊಬ್ಬರೇ ಇರಬೇಕು.

ಆ ವರ್ಷ ರಿಪಬ್ಲಿಕನ್ ಟಿಕೆಟ್ ತಪ್ಪಿದ್ದಕ್ಕೆ ಮಾಜಿ ಅಧ್ಯಕ್ಷರಾಗಿದ್ದ ಅವರು ಕಟ್ಟಿದ್ದೇ ಪ್ರೊಗ್ರೆಸಿವ್ ಪಕ್ಷ. ಎರಡನೇ ಸ್ಥಾನಕ್ಕೆ ಬಂದರು. ಅಧಿಕಾರದಲ್ಲಿದ್ದ ರಿಪಬ್ಲಿಕನ್ ಅಧ್ಯಕ್ಷ ಟಾಫ್ಟ್ ಗೆದ್ದಿದ್ದು ಎರಡೇ ರಾಜ್ಯ. ರಿಪಬ್ಲಿಕನ್ ಓಟು ಒಡೆದು ಡೆಮೊಕ್ರಾಟಿಕ್ ಪಕ್ಷದ ವುಡ್ರೊ ವಿಲ್ಸನ್ ಆರಾಮಾಗಿ ಅಧ್ಯಕ್ಷರಾದರು. ಅಂದಹಾಗೆ ಆ ಟಿಕೆಟ್ಟಿನ ಮೇಲೆ ಮೊದಲು ಕಣ್ಣಿಟ್ಟಿದ್ದವರು ನಮ್ಮ ಜಗಳಗಂಟ ಬಾಬ್. ನಡುವೆ ಬಂದು ನಿಂತ ರೂಸ್‌ವೆಲ್ಟರನ್ನು ಅವರು ಕ್ಷಮಿಸಲೇ ಇಲ್ಲ.

ಪ್ರಶ್ನೆ: ಪ್ರೈಮರಿ, ಆಯೋಗ, ತೆರಿಗೆ ಎಲ್ಲಾ ಸರಿ. ದುಡಿದು ತಿನ್ನುವವರಿಗೆ ಇವರಿಂದ ಏನು ಸಿಕ್ಕಿತು?

ಉತ್ತರ: ಇದಕ್ಕೆ ಒಂದು ಬೆಂಕಿಯ ಕತೆ ಹೇಳಬೇಕು. 1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನಲ್ಲಿ ಹೆಂಗಸರ ಬ್ಲೌಸ್ ಹೊಲಿಯುವ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಅದು ಇದ್ದದ್ದು ಕಟ್ಟಡದ ಮೇಲಿನ ಮೂರು ಅಂತಸ್ತಿನಲ್ಲಿ. ಒಂಬತ್ತನೇ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರು ಬಟ್ಟೆ ಕದ್ದುಕೊಂಡು ಹೋಗದಿರಲಿ ಅಂತ. ಅಗ್ನಿಶಾಮಕ ದಳದ ಏಣಿ ಅಷ್ಟು ಎತ್ತರ ಮುಟ್ಟಲಿಲ್ಲ. 146 ಜನ ಸತ್ತರು. ಹೆಚ್ಚಿನವರು ಇಟಲಿಯಿಂದ ಬಂದವರು ಮತ್ತು ಯಹೂದಿ ಹುಡುಗಿಯರು. ಹಲವರು ಕಿಟಕಿಯಿಂದ ಹಾರಿದರು. ಮಾಲೀಕರನ್ನು ಕೋರ್ಟು ಖುಲಾಸೆ ಮಾಡಿತು.

ಹತ್ತಿರದ ಮನೆಯೊಂದರಲ್ಲಿ ಚಹಾಕ್ಕೆ ಬಂದಿದ್ದ ಫ್ರಾನ್ಸೆಸ್ ಪರ್ಕಿನ್ಸ್ ಎಂಬ ಹೆಣ್ಣುಮಗಳು ಓಡಿ ಬಂದು, ರಸ್ತೆಯಲ್ಲಿ ನಿಂತು ಇದನ್ನೆಲ್ಲ ಕಣ್ಣಾರೆ ನೋಡಿದಳು. ಆಮೇಲೆ ನ್ಯೂಯಾರ್ಕ್ ಸರ್ಕಾರ ನೇಮಿಸಿದ ತನಿಖಾ ಆಯೋಗಕ್ಕೆ ಕೆಲಸ ಮಾಡುತ್ತ ಕಾರ್ಖಾನೆಗಳನ್ನು ಸುತ್ತಿದಳು. 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ (ಗುಂಡು ತಿಂದ ಥಿಯೊಡೋರ್ ಅಲ್ಲ, ಇವರು ಬೇರೆ) ಆಕೆಯನ್ನು ಕಾರ್ಮಿಕ ಮಂತ್ರಿ ಮಾಡಿದರು. ಅಮೆರಿಕದ ಮೊದಲ ಮಹಿಳಾ ಮಂತ್ರಿ. 1935ರ ಸೋಷಿಯಲ್ ಸೆಕ್ಯುರಿಟಿ, ಅಂದರೆ ದುಡಿದವರಿಗೆ ವಯಸ್ಸಾದ ಮೇಲೆ ಪಿಂಚಣಿ, ಅದರ ಹಿಂದೆ ಆಕೆಯ ಕೈ ಇದೆ. ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ತಂದ 1938ರ ಕಾನೂನಿನ ಹಿಂದೆಯೂ ಇದೆ. ನ್ಯೂ ಡೀಲ್, ಅಂದರೆ ಫ್ರಾಂಕ್ಲಿನ್ ರೂಸ್‌ವೆಲ್ಟರ ಇಂಥ ಸುಧಾರಣೆಗಳು, ಹುಟ್ಟಿದ್ದು ಆ ಬೆಂಕಿಯ ದಿನವೇ ಅಂತ ಆಕೆ ಮುಂದೆ ಹೇಳುತ್ತಿದ್ದುದುಂಟು.

ತಿಂಗಳ ಪಿಂಚಣಿಯ ಮೊದಲ ಚೆಕ್ ಹೋಗಿದ್ದು 1940ರಲ್ಲಿ, ವರ್ಮಾಂಟಿನ ಐಡಾ ಮೇ ಫುಲ್ಲರ್ ಅವರಿಗೆ. 22 ಡಾಲರ್ 54 ಸೆಂಟ್. ಅವರು ಅಲ್ಲಿಯವರೆಗೆ ಕಟ್ಟಿದ್ದು ಒಟ್ಟು 24 ಡಾಲರ್ 75 ಸೆಂಟ್. ಅಜ್ಜಿ 100 ವರ್ಷ ಬದುಕಿ 22,888 ಡಾಲರ್ ಪಡೆದರು! ಯೋಜನೆಯನ್ನು ಮೆಚ್ಚುವವರೂ ಈ ಲೆಕ್ಕ ಹೇಳುತ್ತಾರೆ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳುವವರೂ ಇದೇ ಲೆಕ್ಕ ಹೇಳುತ್ತಾರೆ.

ಒಂದು ಮಾತು ಸೇರಿಸಲೇಬೇಕು. ಹೊಲದಲ್ಲಿ ಕೂಲಿ ಮಾಡುವವರನ್ನೂ ಮನೆಕೆಲಸದವರನ್ನೂ 1935ರ ಕಾನೂನು ಹೊರಗಿಟ್ಟಿತ್ತು. ದಕ್ಷಿಣದ ರಾಜ್ಯಗಳ ಕಪ್ಪು ಜನರಲ್ಲಿ ಬಹುಪಾಲು ಮಾಡುತ್ತಿದ್ದುದು ಆ ಎರಡೇ ಕೆಲಸ.

ಪ್ರಶ್ನೆ: ನೀವು ಹೊಗಳೋದೇ ಜಾಸ್ತಿ. ಇವರು ಮಾಡಿದ ತಪ್ಪುಗಳ ಬಗ್ಗೆಯೂ ಸ್ವಲ್ಪ ಬರೆಯಿರಿ.

ಉತ್ತರ: ಬರೆಯುತ್ತೇನೆ, ಸ್ವಲ್ಪ ಸಾಲದು.

ಹಿರಾಮ್ ಜಾನ್ಸನ್ ಅಂತ ಕ್ಯಾಲಿಫೋರ್ನಿಯಾದ ಗವರ್ನರ್. 1912ರಲ್ಲಿ ರೂಸ್‌ವೆಲ್ಟ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಇವರೇ. 1911ರಲ್ಲಿ, ಗೆದ್ದವನನ್ನು ಅವಧಿ ಮುಗಿಯುವ ಮೊದಲೇ ಜನ ಓಟು ಹಾಕಿ ಮನೆಗೆ ಕಳಿಸುವ ಅಧಿಕಾರ ತಂದರು. 2003ರಲ್ಲಿ ಅದೇ ಅಧಿಕಾರ ಬಳಸಿ ಜನ ಒಬ್ಬ ಗವರ್ನರನ್ನು ಇಳಿಸಿ ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರನ್ನು ಕೂರಿಸಿದರು. ಜನರ ಮೇಲೆ ಇಷ್ಟು ನಂಬಿಕೆ ಇಟ್ಟ ಜಾನ್ಸನ್ 1913ರಲ್ಲಿ ಇನ್ನೊಂದು ಕಾನೂನಿಗೂ ಸಹಿ ಹಾಕಿದರು. ಅಮೆರಿಕದ ಪ್ರಜೆಯಾಗಲು ಅರ್ಹತೆ ಇಲ್ಲದ ವಿದೇಶಿಯರು ಅಲ್ಲಿ ಹೊಲ ಕೊಳ್ಳುವಂತಿಲ್ಲ. ಗುರಿ ಇದ್ದದ್ದು ಜಪಾನಿನವರ ಮೇಲೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಪೌರತ್ವ ಇಲ್ಲ ಎಂದಿತು. ಪಂಜಾಬಿ ರೈತರೂ ಅದೇ ಬಲೆಗೆ ಬಿದ್ದರು. ದಲೀಪ್ ಸಿಂಗ್ ಸೌಂದ್ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದರೂ ಅವರ ಹೆಸರಿಗೆ ಹೊಲ ಆಗುವಂತಿರಲಿಲ್ಲ. 1946ರಲ್ಲಿ ಪೌರತ್ವದ ಕಾನೂನು ಬದಲಾಯಿತು. ಹತ್ತೇ ವರ್ಷದಲ್ಲಿ, 1956ರಲ್ಲಿ, ಅದೇ ಸೌಂದ್ ಅಮೆರಿಕದ ಸಂಸತ್ತಿಗೆ ಗೆದ್ದರು. ಅಲ್ಲಿಗೆ ಆರಿಸಿಹೋದ ಮೊದಲ ಏಷ್ಯನ್ ಅಮೆರಿಕನ್ ಅವರು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ‘ತಜ್ಞರು ಹೇಳಿದಂತೆ ಸಮಾಜ ನಡೆಯಲಿ’ ಎನ್ನುವ ನಂಬಿಕೆ ಇವರಲ್ಲಿ ಬಹಳ. ಆ ಕಾಲದ ತಜ್ಞರಲ್ಲಿ ಅನೇಕರು ‘ಬುದ್ಧಿ ಕಡಿಮೆ ಇರುವವರಿಗೆ ಮಕ್ಕಳಾಗಬಾರದು’ ಅನ್ನುತ್ತಿದ್ದರು. ನಾನು ಚಳಿ ಕಾಯಿಸಿಕೊಂಡ ಆ ವಿಸ್ಕಾನ್ಸಿನ್ನೇ 1913ರಲ್ಲಿ ಬಲವಂತದ ಸಂತಾನಹರಣಕ್ಕೆ ಕಾನೂನು ಮಾಡಿತು. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಅಸ್ತು ಎಂದಿತು. ತೀರ್ಪು 8ಕ್ಕೆ 1. ಆ ಎಂಟರಲ್ಲಿ ಪ್ರಗತಿಪರರು ತಲೆಮೇಲೆ ಹೊತ್ತುಕೊಂಡಿದ್ದ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ಕೂಡ ಒಬ್ಬರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪ್ರಶ್ನೆ: ಲಿಬರಲ್‌ಗೂ ಪ್ರೊಗ್ರೆಸಿವ್‌ಗೂ ಏನು ವ್ಯತ್ಯಾಸ? ಎರಡು ಸಾಲಿನಲ್ಲಿ ಹೇಳಿ.

ಉತ್ತರ: ಮಾರುಕಟ್ಟೆ ಇರಲಿ, ಬಿದ್ದವರನ್ನು ಸರ್ಕಾರ ಎತ್ತಲಿ ಎನ್ನುವವರು ಲಿಬರಲ್. ಬೀಳಿಸಿದ್ದು ಯಾರು ಅಂತಲೂ ಕೇಳೋಣ ಎನ್ನುವವರು ಪ್ರೊಗ್ರೆಸಿವ್. ಎರಡು ಸಾಲಿಗೆ ಇಷ್ಟೇ, ಇದಕ್ಕೆ ಇಬ್ಬರೂ ಒಪ್ಪಲಿಕ್ಕಿಲ್ಲ.

ಪ್ರಶ್ನೆ: ಲಾ ಫಾಲೆಟ್ ಒಂದು ಪತ್ರಿಕೆ ನಡೆಸುತ್ತಿದ್ದರಂತೆ. ಅದು ಏನಾಯಿತು?

ಉತ್ತರ: ಪತ್ರಿಕೆಯ ವಿಷಯ ಕೇಳಿದ್ದಕ್ಕೆ ನಿಮಗೆ ವಿಶೇಷ ಥ್ಯಾಂಕ್ಸ್. 1909ರಲ್ಲಿ ತಮ್ಮದೇ ಹೆಸರಿನಲ್ಲಿ ವಾರಪತ್ರಿಕೆ ಶುರುಮಾಡಿದರು. 1929ರಲ್ಲಿ ಅದು ‘ದಿ ಪ್ರೊಗ್ರೆಸಿವ್’ ಆಯಿತು. 1979ರಲ್ಲಿ ಹೈಡ್ರೋಜನ್ ಬಾಂಬಿನ ‘ಗುಟ್ಟು’ ಎಂಬ ಲೇಖನ ಅಚ್ಚಿಗೆ ಹೋಗುವ ಮೊದಲೇ ಸರ್ಕಾರ ಕೋರ್ಟಿಗೆ ಹೋಗಿ ತಡೆ ತಂದಿತು. ಲೇಖಕರು ಹೇಳಿದ್ದು, ಇದರಲ್ಲಿ ಗುಟ್ಟೇನಿಲ್ಲ, ಎಲ್ಲವೂ ಆಗಲೇ ಬಹಿರಂಗವಾಗಿರುವುದೇ ಅಂತ. ಅಷ್ಟರಲ್ಲಿ ಅದೇ ವಿಷಯ ಬೇರೆ ಕಡೆ ಅಚ್ಚಾಯಿತು. ಸರ್ಕಾರ ಕೇಸು ಕೈಬಿಟ್ಟಿತು. ಲೇಖನ ನವೆಂಬರ್ ಸಂಚಿಕೆಯಲ್ಲಿ ಬಂತು. ಅದರ ಒಂದು ಹಳೆ ಪ್ರತಿ ನನಗೆ ಮ್ಯಾಡಿಸನ್ನಿನಲ್ಲಿ ಸಿಕ್ಕಿತ್ತು. ಮನೆ ಬದಲಾಯಿಸುವಾಗ ಯಾರೋ ರದ್ದಿಗೆ ಹಾಕಿದರು.