ವಿಯೆಟ್ನಾಂನಲ್ಲಿ 8 ದಿನ: ಒಬ್ಬರಿಗೆ ಕೋಳಿ–ಮೀನು, ಇನ್ನೊಬ್ಬರು ಅಪ್ಪಟ ಸಸ್ಯಾಹಾರಿ. ಏನು ತಿನ್ನೋದು, ಏನು ಕುಡಿಯೋದು?

ನಿಮ್ಮ ಪ್ರಶ್ನೆ ಇಷ್ಟು: ಹನೋಯ್, ಹೊಯ್ ಆನ್, ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ) ಸುತ್ತಾಟ. ನಿಮಗೆ ಕೋಳಿ, ಮೀನು ನಡೆಯುತ್ತದೆ, ದನ–ಹಂದಿ ಬೇಡ. ಮನೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೊತ್ತುಹೊತ್ತಿಗೂ ಇಂಡಿಯನ್ ಹೋಟೆಲ್ ಹುಡುಕಿಕೊಂಡು ಅಲೆಯಬೇಕಾ? ಬೇಕಿಲ್ಲ.

ಮನೆಯವರದ್ದು ಮೊದಲು ನೋಡೋಣ. ಕಲಿಯಬೇಕಾದ ಪದ ಒಂದೇ, 'ಚೈ'. ಬೌದ್ಧ ಪದ್ಧತಿಯ ಸಸ್ಯಾಹಾರಕ್ಕೆ ಅಲ್ಲಿ ಇರುವ ಹೆಸರು ಅದು. ದನಿ ಏರಿಸದೆ ಇಳಿಸದೆ ಸಮವಾಗಿ ಹೇಳಿ. ಏರಿಸಿದರೆ 'ಸುಟ್ಟಿದೆ' ಅಂತ ಅರ್ಥವಾಗುತ್ತದೆ. 'ಕೋಮ್ ಚೈ' ಅಂದರೆ ಸಸ್ಯಾಹಾರಿ ಊಟ, ಅಂಗಡಿ ಬೋರ್ಡಿನ ಮೇಲೂ ಇದೇ ಇರುತ್ತದೆ. ಮೊಟ್ಟೆ ಬಳಸುವ ಚೈ ಅಂಗಡಿಗಳೂ ಉಂಟು, ಹಾಗಾಗಿ 'ಖೋಂಗ್ ತ್ರುಂಗ್' (ಮೊಟ್ಟೆ ಬೇಡ) ಎಂದು ಸೇರಿಸಿ. ಉಚ್ಚಾರ ನಂಬಿಕೊಳ್ಳಬೇಡಿ, ಫೋನಿನಲ್ಲಿ ಅನುವಾದ ಮಾಡಿ ತೋರಿಸಿ. ತಟ್ಟೆಯಲ್ಲಿ ಸಿಗಡಿ, ಹಂದಿಮಾಂಸದ ಹಾಗೇ ಕಾಣುವ ತುಂಡು ಬಂದರೆ ಗಾಬರಿ ಬೇಡ, ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು.

ಎಲ್ಲರೂ ಎಡವುವುದು ಮಾಮೂಲಿ ಅಂಗಡಿಯಲ್ಲಿ ಕೂತು 'ಮಾಂಸ ಹಾಕಬೇಡಿ' ಅನ್ನುವಲ್ಲಿ. ಅವರು ಪ್ರಾಮಾಣಿಕವಾಗಿಯೇ ತುಂಡುಗಳನ್ನು ತೆಗೆದು ಕೊಡುತ್ತಾರೆ. ಆದರೆ ಸಾರು ಗಂಟೆಗಟ್ಟಲೆ ಮೂಳೆ ಬೇಯಿಸಿದ್ದು, ಅದರೊಳಗಿನ ಉಪ್ಪು 'ನೂಕ್ ಮಾಮ್', ಅಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ರಸ. ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪಿನಲ್ಲೂ ಹಂದಿ ಕೊಬ್ಬೋ ಆಯ್‌ಸ್ಟರ್ (ಸಿಂಪಿ) ಸಾಸೋ ಇರಬಹುದು. ಒಂದೊಂದು ಪದಾರ್ಥ ಬೇಡ ಅನ್ನುತ್ತಾ ಕೂರುವುದಕ್ಕಿಂತ ಅಂಗಡಿಯನ್ನೇ ಬದಲಿಸುವುದು ಸುಲಭ. ಹೊರಡುವ ಮುಂಚೆ ಪಂಚಾಂಗ ನೋಡಿಕೊಳ್ಳಿ. ಅಲ್ಲಿ ಚಾಂದ್ರಮಾಸದ 1 ಮತ್ತು 15ನೇ ದಿನ, ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ–ಹುಣ್ಣಿಮೆ, ತುಂಬ ಜನ ಚೈ ತಿನ್ನುತ್ತಾರೆ. ಚೈ ಅಂಗಡಿಗಳು ತುಂಬಿರುತ್ತವೆ, ಬಗೆಗಳೂ ಹೆಚ್ಚು.

ಸೈಗಾನ್‌ನಲ್ಲಿ ಅವರಿಗೆ 'ಬಾನ್ ಸೆಯೊ ಚೈ' ತಪ್ಪಿಸಬೇಡಿ. ಅಕ್ಕಿಹಿಟ್ಟು, ಅರಿಶಿನ, ತೆಂಗಿನಹಾಲಿನ ಹುದುಗಿಸದ ದೋಸೆ, ಒಳಗೆ ಮೊಳಕೆಕಾಳು, ಅಣಬೆ. ನಮ್ಮ ದೋಸೆಯಂತೆ ಮುರಿದು ಅದ್ದಿದರೆ ಅರ್ಧ ರುಚಿ ಹೋಯಿತು. ಸಾಸಿವೆ ಸೊಪ್ಪಿನ ಅಥವಾ ಲೆಟಿಸ್ ಎಲೆಯ ಮೇಲೆ ತುಂಡು ಇಟ್ಟು, ಪುದೀನಾ ತುಂಬಿ, ಬಿಗಿಯಾಗಿ ಸುತ್ತಿ, ಜೊತೆಗೆ ಕೊಡುವ ಸಾಸಿಗೆ ಅದ್ದಬೇಕು. ಆರಿದರೆ ಮೆತ್ತಗಾಗುತ್ತದೆ, ಬಂದ ತಕ್ಷಣ ಶುರು ಮಾಡಿ.

ಇನ್ನು ನಿಮ್ಮದು. 'ಬೋ' ಅಂದರೆ ದನ, 'ಗಾ' ಕೋಳಿ, 'ಕಾ' ಮೀನು. ಹಂದಿಗೆ ಉತ್ತರದಲ್ಲಿ 'ಲನ್', ದಕ್ಷಿಣದಲ್ಲಿ 'ಹೆಓ'. 'ಫೋ' ಅಂದರೆ ಸಾರಿನಲ್ಲಿ ಹಾಕಿದ ಅಕ್ಕಿ ಶ್ಯಾವಿಗೆ. ಫೋ ಅಂತಷ್ಟೇ ಕೇಳಿದರೆ ದನದ್ದೇ ಬಂದೀತು, 'ಫೋ ಗಾ' ಕೇಳಿ. ಅದೂ ಗಾಜಿನ ಪೆಟ್ಟಿಗೆಯಲ್ಲಿ ಬೇಯಿಸಿದ ಕೋಳಿ ನೇತುಹಾಕಿ ಅದೊಂದನ್ನೇ ಮಾರುವ ಅಂಗಡಿಯಲ್ಲಿ. ಎರಡೂ ಮಾಡುವ ಕಡೆ ಸಾರಿನ ಹಂಡೆ ಒಂದೇ ಇರಬಹುದು. ಬೆಳಿಗ್ಗೆ 8ರೊಳಗೆ ಹೋಗಿ, ಒಳ್ಳೆಯ ಅಂಗಡಿಗಳು ಹಂಡೆ ಖಾಲಿಯಾದರೆ ಬಾಗಿಲು ಹಾಕುತ್ತವೆ. ಏನನ್ನೂ ಹಿಂಡುವ ಮೊದಲು ಎರಡು ಚಮಚ ಸಾರು ಕುಡಿದು ನೋಡಿ. ಹನೋಯ್‌ನಲ್ಲಿ ಬೆಳ್ಳುಳ್ಳಿ ನೆನೆಸಿದ ವಿನೆಗರ್, ಮೆಣಸಿನಕಾಯಿ ಇಟ್ಟಿರುತ್ತಾರೆ, ಅಷ್ಟೇ. ಸೊಪ್ಪು, ಮೊಳಕೆಕಾಳಿನ ತಟ್ಟೆ ಸೈಗಾನ್ ಸಂಪ್ರದಾಯ. ಅಲ್ಲಿ ಕೊಡುವ ಕಪ್ಪು ಸಿಹಿ ಸಾಸನ್ನು ಸಾರಿಗೆ ಸುರಿಯಬೇಡಿ, ಪುಟ್ಟ ಬಟ್ಟಲಲ್ಲಿಟ್ಟು ತುಂಡು ಅದ್ದಿಕೊಳ್ಳಿ.

ಹನೋಯ್‌ನಲ್ಲಿ ನಿಮಗೆ ಒಂದೇ ಊಟಕ್ಕೆ ಸಮಯ ಇದ್ದರೆ ನಾನು ಫೋ ಬಿಟ್ಟು 'ಚಾ ಕಾ' ಅನ್ನುತ್ತೇನೆ. ಅರಿಶಿನ ಹಚ್ಚಿದ ಮೀನು, ಜೊತೆಗೆ ಬುಟ್ಟಿ ತುಂಬ ಸಬ್ಬಸಿಗೆ ಸೊಪ್ಪು. ಹೌದು, ನಮ್ಮದೇ ಸಬ್ಬಸಿಗೆ! ಇದರ ಹೆಸರಿನ ಬೀದಿಯೇ ಹಳೇ ಹನೋಯ್‌ನಲ್ಲಿದೆ. ಅರ್ಧ ಬೆಂದ ಮೀನು ಬಾಣಲೆಯಲ್ಲಿ ಮೇಜಿಗೇ ಬರುತ್ತದೆ, ಕೆಳಗೆ ಸಣ್ಣ ಒಲೆ. ಸಬ್ಬಸಿಗೆ, ಈರುಳ್ಳಿ ಹೂವು ಒಂದೊಂದು ಹಿಡಿ ಹಾಕಿ, ಬಾಡುತ್ತಿದ್ದಂತೆ ಶ್ಯಾವಿಗೆಯ ಮೇಲೆ ತೆಗೆದುಕೊಳ್ಳಿ, ಮೇಲೆ ಹುರಿದ ಕಡಲೆಕಾಯಿ ಬೀಜ. ಸೊಪ್ಪನ್ನೆಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟು ಮೀನು ಪುಡಿಯಾಗುತ್ತದೆ, ಸಬ್ಬಸಿಗೆಯ ಘಮವೂ ಹೋಗುತ್ತದೆ. ಜೊತೆಗಿಡುವ ನೇರಳೆ ಬಣ್ಣದ್ದು 'ಮಾಮ್ ತೋಮ್', ಸಿಗಡಿ ಹುದುಗಿಸಿದ್ದು, ವಾಸನೆ ಜೋರು. ನಿಂಬೆ ಹಿಂಡಿ, ಚಿಟಿಕೆ ಸಕ್ಕರೆ, ಮೆಣಸಿನಕಾಯಿ, ಬಾಣಲೆಯ ಒಂದು ಚಮಚ ಬಿಸಿ ಎಣ್ಣೆ ಹಾಕಿ ನೊರೆ ಬರುವವರೆಗೆ ಕಡೆದರೆ ಪಳಗುತ್ತದೆ. ಆಗಲ್ಲವೆಂದರೆ ನೂಕ್ ಮಾಮ್ ಕೇಳಿ.

ಹೊಯ್ ಆನ್‌ನಲ್ಲಿ 'ಕೋಮ್ ಗಾ', ಅರಿಶಿನದ ಅನ್ನ, ಎಳೆ ಎಳೆಯಾಗಿ ಬಿಡಿಸಿದ ಕೋಳಿ. ಆ ಊರಿನ ಪ್ರಸಿದ್ಧ ನೂಡಲ್ಸ್ 'ಕಾವ್ ಲಾವ್' ಹಂದಿಯದ್ದು, ನಿಮಗಲ್ಲ. ಬಾನ್ ಮೀ ಬ್ರೆಡ್ಡಿಗೆ ಕೋಳಿ ಕೇಳಿದರೂ ಒಳಗೆ ಪಾಟೆ ಸವರುವುದುಂಟು, ಅದು ಸಾಮಾನ್ಯವಾಗಿ ಹಂದಿಯ ಪಿತ್ತಜನಕಾಂಗ. 'ಖೋಂಗ್ ಪಾಟೆ' ಅನ್ನಿ.

ಕಾಫಿ ಇಬ್ಬರಿಗೂ. ಅಲ್ಲಿ ಬೆಳೆಯುವುದು ಬಹುಪಾಲು ರೊಬಸ್ಟಾ, ನಮ್ಮ ಕೊಡಗಿನಲ್ಲೂ ಬೆಳೆಯುವುದೇ. ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್, ಸಂಜೆ ಕುಡಿದರೆ ನಿದ್ದೆ ಗೋವಿಂದ. 'ಕಾಫೆ ಸುವಾ ದಾ' ಅಂದರೆ ಕಂಡೆನ್ಸ್ಡ್ ಹಾಲು, ಐಸ್ ಹಾಕಿದ್ದು. ಹನೋಯ್‌ನಲ್ಲಿ ಇದನ್ನೇ 'ನಾವ್ ದಾ' ಅನ್ನುತ್ತಾರೆ. ಹಾಲು ಹೆಚ್ಚು ಬೇಕೆಂದರೆ 'ಬಾಕ್ ಸಿಯು'. ಹನೋಯ್‌ನ ಮೊಟ್ಟೆ ಕಾಫಿ 1946ರಲ್ಲಿ ಹಾಲಿನ ಕೊರತೆಯಿಂದ ಹುಟ್ಟಿದ್ದು, ಮನೆಯವರು ದೂರ ಇರಲಿ. ಅಲ್ಲಿನ ಫಿಲ್ಟರ್ 'ಫಿನ್' ಊರಿಗೆ ತನ್ನಿ. 20 ಗ್ರಾಂ ಪುಡಿ, ಮೊದಲು 20 ಮಿ.ಲೀ. ಬಿಸಿನೀರು ಹಾಕಿ 30 ಸೆಕೆಂಡ್ ಬಿಟ್ಟು, ಆಮೇಲೆ 80 ಮಿ.ಲೀ. ಇಳಿಯಲು 4–5 ನಿಮಿಷ. ಬೇಗ ಇಳಿದರೆ ಪುಡಿ ದಪ್ಪ, ನಿಂತೇ ಹೋದರೆ ತೀರ ನುಣ್ಣಗಾಗಿದೆ.

ನಲ್ಲಿ ನೀರು ಕುಡಿಯಬೇಡಿ. ಐಸ್ ನಡುವೆ ತೂತಿರುವ ಕೊಳವೆಯಾಕಾರದ್ದಾದರೆ ಕಾರ್ಖಾನೆಯದ್ದು, ಪರವಾಗಿಲ್ಲ. ಗಡ್ಡೆಯಿಂದ ಕುಟ್ಟಿದ್ದಾದರೆ ಬೇಡ. ಹನೋಯ್‌ನ 'ಬಿಯಾ ಹೊಯ್' ಹಗುರವಾದ ತಾಜಾ ಬಿಯರ್, ಆದರೆ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡಿದ್ದರೆ ಒಂದು ಗ್ಲಾಸೂ ಬೇಡ. 2020ರಿಂದ ಅಲ್ಲಿ ಗಾಡಿ ಓಡಿಸುವವರಿಗೆ ಮದ್ಯದ ಮಿತಿ ಸೊನ್ನೆ. ಮೇಜಿನ ಮೇಲಿಟ್ಟ ಒದ್ದೆ ಟವೆಲಿನ ಪೊಟ್ಟಣ, ಕಡಲೆಕಾಯಿ ಬಿಟ್ಟಿ ಅಲ್ಲ, ಬಿಚ್ಚಿದರೆ ಬಿಲ್ಲಿಗೆ ಸೇರುತ್ತದೆ. ಬಿಲ್ಲಿನ '50ಕೆ' ಅಂದರೆ 50,000 ಡಾಂಗ್. ಕೊಡುವಾಗ ಸೊನ್ನೆ ಎಣಿಸಿ: 20,000ದ ನೋಟೂ ನೀಲಿ, 500,000ದ್ದೂ ನೀಲಿ.