ಶಿರಸಿಯ ಹಳೇ ಲ್ಯಾಪ್‌ಟಾಪು, ಕಾರವಾರದ ಹೊಸ ಡೆಸ್ಕ್‌ಟಾಪು: ಸ್ಟಾಕ್‌ಫಿಶ್ ಬಲದಲ್ಲಿ ಎಷ್ಟು ವ್ಯತ್ಯಾಸ?

ಚೆಸ್ ಆಡುವ ತಂತ್ರಾಂಶ (ಎಂಜಿನ್) ಸ್ಟಾಕ್‌ಫಿಶ್ 30 ಸೆಕೆಂಡಿನಲ್ಲಿ ಶಿರಸಿಯ ನಿಮ್ಮ ಲ್ಯಾಪ್‌ಟಾಪಿನಲ್ಲಿ 24ರ ಡೆಪ್ತ್ (ಎಷ್ಟು ನಡೆ ಮುಂದಕ್ಕೆ ಹುಡುಕಿದೆ ಎಂಬ ಅಂಕಿ) ತೋರಿಸುತ್ತದೆ, ಕಾರವಾರದ ಗೆಳೆಯನ ಡೆಸ್ಕ್‌ಟಾಪಿನಲ್ಲಿ 28. ಆಟದ ಬಲ ಅಳೆಯುವ ಎಲೋ ಅಂಕದಲ್ಲಿ ಇದು ಎಷ್ಟು ಎಂದು ಕೇಳಿದ್ದೀರಿ. ಡೆಪ್ತ್ ಅಂಕಿಯಿಂದ ಇದನ್ನು ಲೆಕ್ಕ ಹಾಕಲು ಬರುವುದಿಲ್ಲ. ಎಂಜಿನ್ ನಡೆಗಳ ಎಷ್ಟೋ ಕೊಂಬೆಗಳನ್ನು ಅರ್ಧಕ್ಕೇ ಕತ್ತರಿಸಿ ಮುಂದೆ ಹೋಗುತ್ತದೆ. ಆವೃತ್ತಿ ಬದಲಾದರೆ ಅದೇ 24ರ ಅರ್ಥವೂ ಬದಲಾಗುತ್ತದೆ.

ಎರಡು ಯಂತ್ರಗಳನ್ನು ಎದುರುಬದುರು ಆಡಿಸುವ ಅಗತ್ಯವೂ ಇಲ್ಲ. ವೇಗದ ಅನುಪಾತ ಅಳೆದುಕೊಂಡು, ಅದನ್ನು ಒಂದೇ ಯಂತ್ರದಲ್ಲಿ ಸಮಯದ ರೂಪದಲ್ಲಿ, ಅಂದರೆ ವೇಗದ ಕಡೆಗೆ ಅಷ್ಟು ಪಟ್ಟು ಹೆಚ್ಚು ಸಮಯ ಕೊಟ್ಟರೆ ಸಾಕು. ಚೆಸ್ ಎಂಜಿನ್‌ಗಳ ಸಿಸಿಆರ್‌ಎಲ್ ರೇಟಿಂಗ್ ಪಟ್ಟಿಯವರೂ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಆಡಿಸುವಾಗ ಇಂಟೆಲ್ ಐ7-4770ಕೆ ಪ್ರೊಸೆಸರಿನ ವೇಗಕ್ಕೆ ಹೊಂದುವಂತೆ ಸಮಯವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ.

ಮೊದಲು ಎರಡೂ ಕಡೆ ಒಂದೇ ಆವೃತ್ತಿ ಹಾಕಿ. ಎಂಜಿನ್ ತೆರೆದು bench (ಬೆಂಚ್, ವೇಗದ ಪರೀಕ್ಷೆ) ಎಂದು ಟೈಪ್ ಮಾಡಿ. ಏನೂ ಬದಲಿಸದಿದ್ದರೆ 16 ಎಂಬಿ ಹ್ಯಾಶ್ (ನೋಡಿದ ಸ್ಥಾನಗಳನ್ನು ನೆನಪಿಡುವ ಜಾಗ), 1 ಥ್ರೆಡ್ (ಒಟ್ಟಿಗೇ ಓಡುವ ಹುಡುಕಾಟದ ಎಳೆ), 13ರ ಡೆಪ್ತ್. ಕೊನೆಯಲ್ಲಿ ಬರುವ ಒಟ್ಟು ನೋಡ್ (ಎಂಜಿನ್ ನೋಡಿದ ಸ್ಥಾನಗಳ) ಸಂಖ್ಯೆ ಎರಡೂ ಕಡೆ ಅಂಕಿಗಂಕಿ ಒಂದೇ ಇರಬೇಕು, ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಬೇರೆ ಬೇರೆ ಎಂಜಿನ್‌ಗಳನ್ನು. ಬೇಕಾದದ್ದು ಸೆಕೆಂಡಿಗೆ ಎಷ್ಟು ನೋಡ್ ಎಂಬುದು. ಐದು ಸಲ ಓಡಿಸಿ ನಡುವಿನದನ್ನು ಬರೆದಿಟ್ಟುಕೊಳ್ಳಿ.

ಎಡವುವುದು ಇಲ್ಲೇ. ಪ್ರೊಸೆಸರಿಗೆ ತಕ್ಕ ಬಿಲ್ಡ್ (ಆ ಚಿಪ್ಪಿಗೆಂದೇ ತಯಾರಿಸಿದ ಎಂಜಿನ್ ಫೈಲು) ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. 2020ರ ಸ್ಟಾಕ್‌ಫಿಶ್ 12ರಿಂದ ಸ್ಥಾನದ ಬೆಲೆ ಕಟ್ಟುವ ಎನ್‌ಎನ್‌ಯುಇ ನ್ಯೂರಲ್ ಜಾಲ ಬಂದ ಮೇಲೆ ಎವಿಎಕ್ಸ್2 (ಒಮ್ಮೆಗೇ ಹಲವು ಲೆಕ್ಕ ಮಾಡುವ ಸೂಚನೆಗಳು) ಇರುವ, ಇಲ್ಲದ ಚಿಪ್ಪುಗಳ ಅಂತರ ದೊಡ್ಡದಾಗಿದೆ. ಎವಿಎಕ್ಸ್2 ಬಿಲ್ಡನ್ನು ಹಳೇ ಚಿಪ್ಪಿಗೆ ಹಾಕಿದರೆ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಝೆನ್ 2 ಪೀಳಿಗೆಯವರೆಗಿನ ಎಎಂಡಿ ರೈಜನ್ ಪ್ರೊಸೆಸರ್ ಆಗಿದ್ದರೆ ಬಿಎಂಐ2 ಬಿಲ್ಡ್ ಬೇಡ, ಆ ಬಿಲ್ಡ್ ಬಳಸುವ ಪೆಕ್ಸ್ಟ್ ಸೂಚನೆ ಆ ಚಿಪ್ಪುಗಳಲ್ಲಿ ತೀರಾ ನಿಧಾನ. ಎವಿಎಕ್ಸ್2 ಬಿಲ್ಡೇ ವಾಸಿ.

ಇನ್ನು ಬಿಸಿ. ಬೆಂಚ್ ಕೆಲವೇ ಸೆಕೆಂಡಿನಲ್ಲಿ ಮುಗಿಯುವುದರಿಂದ ಟರ್ಬೊ (ಪ್ರೊಸೆಸರಿನ ಅಲ್ಪಕಾಲದ ಗರಿಷ್ಠ) ವೇಗವನ್ನಷ್ಟೇ ತೋರಿಸುತ್ತದೆ. ಮೇ ತಿಂಗಳ ಕಾರವಾರದ ಸೆಖೆಯಲ್ಲಿ, ಉಪ್ಪುಗಾಳಿಗೆ ಫ್ಯಾನು, ಹೀಟ್‌ಸಿಂಕ್ ತುಕ್ಕು ಹಿಡಿದಿದ್ದರೆ, ಹತ್ತು ನಿಮಿಷದ ಮೇಲೆ ಅಂಕಿ ಇಳಿಯುತ್ತದೆ. ಅದೇ ಡಬ್ಬ ಜುಲೈಯಲ್ಲಿ ಘಟ್ಟದ ಮೇಲೆ ಆರಾಮಾಗಿ ಓಡಬಹುದು. ಹಾಗಾಗಿ ಹತ್ತು ನಿಮಿಷ ಎಂಜಿನ್ ಓಡಿಸಿ ಬಿಸಿ ಮಾಡಿ, ಆಮೇಲೆ ಅಳೆಯಿರಿ. ಮಳೆಗಾಲದಲ್ಲಿ ಕರೆಂಟು ಹೋಗಿ ಲ್ಯಾಪ್‌ಟಾಪು ಬ್ಯಾಟರಿಗೆ ಬಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆ ಹೊತ್ತಿನ ಫಲಿತಾಂಶ ಕಸದ ಬುಟ್ಟಿಗೆ.

ಉದಾಹರಣೆಗೆ ಸೆಕೆಂಡಿಗೆ 5 ಲಕ್ಷ ಮತ್ತು 15 ಲಕ್ಷ ನೋಡ್ ಬಂತೆನ್ನಿ, ಅನುಪಾತ 3. ಎಂಜಿನ್‌ಗಳ ಪಂದ್ಯ ನಡೆಸುವ ಕ್ಯೂಟ್‌ಚೆಸ್‌ ತಂತ್ರಾಂಶದಲ್ಲಿ ಅದೇ ಎಂಜಿನ್ನನ್ನು ಎರಡು ಹೆಸರಿನಲ್ಲಿ ಸೇರಿಸಿ, ಒಂದಕ್ಕೆ 10 ಸೆಕೆಂಡು ಮತ್ತು ನಡೆಗೆ 0.1, ಇನ್ನೊಂದಕ್ಕೆ 30 ಮತ್ತು 0.3 ಕೊಡಿ. ಹ್ಯಾಶ್ ಎರಡಕ್ಕೂ 64 ಎಂಬಿ, ಥ್ರೆಡ್ 1, ಪಾಂಡರಿಂಗ್ (ಎದುರಾಳಿಯ ಸರದಿಯಲ್ಲೂ ಯೋಚಿಸುವುದು) ಬಂದ್. ಪ್ರತಿ ಓಪನಿಂಗನ್ನೂ (ಆಟ ಶುರುವಾಗುವ ನಡೆಗಳು) ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಒಂದು ಕಡೆಗೆ ಸ್ವಲ್ಪ ವಾಲಿದ ಓಪನಿಂಗ್ ಪುಸ್ತಕ ಒಳ್ಳೆಯದು, ಸಮತೂಕದ್ದಾದರೆ ಬರೀ ಡ್ರಾ. ಆಟಕ್ಕೆ ಸುಮಾರು ಒಂದು ನಿಮಿಷ, 400 ಆಟಕ್ಕೆ ಒಂದು ರಾತ್ರಿ.

ಹೆಚ್ಚು ಸಮಯ ಸಿಕ್ಕ, ಅಂದರೆ ವೇಗದ ಕಡೆಗೆ 64% ಅಂಕ ಬಂದರೆ ಅಂತರ 100 ಎಲೋ, 75% ಬಂದರೆ 191. ಅರ್ಧದಷ್ಟು ಡ್ರಾ ಎಂದಿಟ್ಟುಕೊಂಡರೆ, ಸಮಬಲದ ಹತ್ತಿರ 100 ಆಟದ ದೋಷಮಿತಿ ±48, 400 ಆಟದ್ದು ±24. ಹತ್ತು ಆಟ ಆಡಿಸಿ ತೀರ್ಪು ಕೊಡುವವರ ಮಾತಿಗೆ ಕಿವಿಗೊಡಬೇಡಿ. ಸಮಯ ಹೆಚ್ಚಿದಷ್ಟೂ ಅದೇ ಮೂರು ಪಟ್ಟಿನ ಲಾಭ ಕುಗ್ಗುತ್ತದೆ, ಆದ್ದರಿಂದ ನಿಮ್ಮ 30 ಸೆಕೆಂಡಿನ ವಿಶ್ಲೇಷಣೆಯಲ್ಲಿ ನಿಜವಾದ ಅಂತರ ಇದಕ್ಕಿಂತ ಚಿಕ್ಕದು. ಎಂಜಿನ್ ತನ್ನ ಜೊತೆಗೇ ಆಡಿ ಬಂದ ಎಲೋ ಮನುಷ್ಯರ ಫಿಡೆ ರೇಟಿಂಗಿಗೆ ಹೊಂದುವುದೂ ಇಲ್ಲ.

ಥ್ರೆಡ್ಡುಗಳ ಲೆಕ್ಕ ಬೇರೆ. 8 ಥ್ರೆಡ್ಡಿನಲ್ಲಿ ನೋಡ್ ವೇಗ ಆರು ಪಟ್ಟಾದರೂ ಅದು ಆರು ಪಟ್ಟು ಸಮಯಕ್ಕೆ ಸಮವಲ್ಲ, ಎಲ್ಲ ಥ್ರೆಡ್ಡುಗಳೂ ಅಲ್ಲಲ್ಲಿ ಒಂದೇ ಸ್ಥಾನವನ್ನು ಮತ್ತೆ ಕೆದಕುತ್ತಿರುತ್ತವೆ. ಡೆಸ್ಕ್‌ಟಾಪಿನ ಎಲ್ಲ ಕೋರುಗಳನ್ನೂ ಲೆಕ್ಕಕ್ಕೆ ಸೇರಿಸಬೇಕಿದ್ದರೆ ಆ ಯಂತ್ರದಲ್ಲೇ 8 ಥ್ರೆಡ್ ಮತ್ತು 1 ಥ್ರೆಡ್ ನಡುವೆ ಪಂದ್ಯ ಆಡಿಸಿ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಲೀಲಾ ಎಂಬ ಇನ್ನೊಂದು ಚೆಸ್ ಎಂಜಿನ್ನಿಗಂತೂ ಸ್ಟಾಕ್‌ಫಿಶ್ ಬೆಂಚಿನ ಅನುಪಾತ ಯಾವ ಉಪಯೋಗಕ್ಕೂ ಇಲ್ಲ. ಅದರ ನೋಡ್ ಎಣಿಕೆಯೇ ಬೇರೆ, ಅದನ್ನು ಅದರ ವೇಗದಲ್ಲೇ ಅಳೆಯಬೇಕು.