ಹಳೆ ಸಿನಿಮಾ, ಹೊಸ ಸಿನಿಮಾ: ಹೋಲಿಸುವ ಮೊದಲು ಟಿವಿ ಸರಿ ಮಾಡಿಕೊಳ್ಳಿ

ಸರ್, ನೀವು ಒಂದೇ ಪೋಸ್ಟಿನಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ. ಹಳೆ ಕನ್ನಡ ಸಿನಿಮಾ ಹಾಕಿದರೆ ಎಲ್ಲರ ಮುಖವೂ ದಪ್ಪ, ಹಾಡು ಕೀರಲು, ಮಕ್ಕಳು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹೊಸದು ಹಾಕಿದರೆ ಮಾತು ಕೇಳಿಸುವುದಿಲ್ಲ, ಹೊಡೆದಾಟ ಬಂದ ಕೂಡಲೇ ರಿಮೋಟ್ ಹುಡುಕಬೇಕು. ಹಾಗಾದರೆ ಯಾವ ಕಾಲದ್ದು ಒಳ್ಳೆಯದು, ಮನೆಯವರ ಜೊತೆ ಯಾವುದರಿಂದ ಶುರು ಮಾಡಬೇಕು ಅಂತ. ಈ ಥ್ರೆಡ್‌ನಲ್ಲಿ ಕೆಲವರು ಹಳೆಯದೇ ಚಿನ್ನ ಅಂದಿದ್ದಾರೆ, ಇನ್ನು ಕೆಲವರು ಈಗಿನ ಮೇಕಿಂಗ್ ಮುಂದೆ ಅದೆಲ್ಲ ಬರೀ ನಾಟಕ ಅಂದಿದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಸರಿಯಾದ ಆಕಾರ, ಸರಿಯಾದ ವೇಗ, ಪೂರ್ತಿ ಉದ್ದ, ಈ ಮೂರೂ ಇಲ್ಲದೆ ಹಳೆ ಸಿನಿಮಾ ನೋಡಿ ತೀರ್ಪು ಕೊಟ್ಟರೆ ಅದು ಅನ್ಯಾಯದ ತೀರ್ಪು. ಅದಕ್ಕೇ ಮೊದಲು ಟಿವಿ, ಆಮೇಲೆ ಅಭಿಪ್ರಾಯ.

ಮುಖ ದಪ್ಪಗಾಗುವುದಕ್ಕೆ ಕಾರಣ ಸುಲಭ. 70ರ ದಶಕದವರೆಗಿನ ನಮ್ಮ ಬಹುತೇಕ ಸಿನಿಮಾಗಳ ಚಿತ್ರದ ಆಕಾರ ಹೆಚ್ಚುಕಡಿಮೆ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ನಿಮ್ಮ ಟಿವಿ 16:9. ಕನ್ನಡದಲ್ಲಿ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಸಿನಿಮಾ, ಬಂದದ್ದೇ 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದ ಮೂಲಕ. 4:3 ಚಿತ್ರವನ್ನು ಪರದೆ ತುಂಬ ಎಳೆದರೆ ಎಲ್ಲವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ಗಾಡಿಯ ಚಕ್ರವನ್ನೋ ಹಣೆಯ ಕುಂಕುಮವನ್ನೋ ನೋಡಿ. ದುಂಡಗಿರಬೇಕಾದದ್ದು ಅಡ್ಡಕ್ಕೆ ಮೊಟ್ಟೆಯಾಗಿದ್ದರೆ ಎಳೆದಿದ್ದಾರೆ ಅಂತ ಅರ್ಥ. ಟಿವಿಯ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋಗೆ ಹೋಗಿ 'ಒರಿಜಿನಲ್' ಅಥವಾ '4:3' ಇಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಅದು ಇರಲೇಬೇಕು. 'ಜೂಮ್' ಮಾತ್ರ ಒತ್ತಬೇಡಿ. ಅದು ಪಟ್ಟಿ ತೆಗೆಯುವುದಕ್ಕೆ ಚಿತ್ರದ ಮೇಲಿಂದ ಕೆಳಗಿಂದ ಸೇರಿ ನಾಲ್ಕರಲ್ಲಿ ಒಂದು ಪಾಲನ್ನು ಕತ್ತರಿಸುತ್ತದೆ. ತಲೆ ಹೋಗುತ್ತದೆ, ನೃತ್ಯದಲ್ಲಿ ಕಾಲೂ ಹೋಗುತ್ತದೆ.

ಎಷ್ಟೋ ಅಪ್‌ಲೋಡ್‌ಗಳಲ್ಲಿ ಎಳೆದ ಚಿತ್ರವನ್ನೇ ಫೈಲಿಗೆ ಹಾಕಿಬಿಟ್ಟಿರುತ್ತಾರೆ. ಆಗ ಟಿವಿ ಮೆನುವಿನಲ್ಲಿ 4:3 ಆಯ್ಕೆ ಕೆಲಸ ಮಾಡಿದರೆ ಸರಿ. ಇಲ್ಲದಿದ್ದರೆ ನಿಮ್ಮ ಡಿವಿಡಿಯನ್ನೋ ಫೈಲನ್ನೋ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರಿಗೆ ಹಾಕಿ, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಕೊಡಿ. ವಿಎಲ್‌ಸಿಯಲ್ಲಿ 'ಎ' ಕೀ ಒತ್ತುತ್ತಾ ಹೋದರೆ ಆಕಾರ ಬದಲಾಗುತ್ತದೆ, 4:3 ಬಂದಾಗ ನಿಲ್ಲಿಸಿ. ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡರೆ 'ಡಿ' ಕೀ ಒತ್ತಿ, ಗೆರೆ ಹೋಗುತ್ತದೆ. ಆದರೆ ಅಪ್‌ಲೋಡ್ ಮಾಡುವಾಗಲೇ ತಲೆ ಕತ್ತರಿಸಿದ್ದರೆ ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿ ಹುಡುಕಬೇಕು.

ಇನ್ನು ಹಾಡು ಕೀರಲಾಗುವ ವಿಷಯ. ಇದನ್ನು ತುಂಬ ಜನ ಗಮನಿಸುವುದೇ ಇಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ಟಿವಿ, ವಿಸಿಡಿ, ಡಿವಿಡಿಗಳ ಪಾಲ್ ಪದ್ಧತಿ 25. ವರ್ಗಾಯಿಸುವಾಗ 24ನ್ನು 25ರ ವೇಗದಲ್ಲಿ ಓಡಿಸಿದರೆ ಸಿನಿಮಾ ಶೇ. 4ರಷ್ಟು ಬೇಗ ಮುಗಿಯುತ್ತದೆ, ಹಾಡಿನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಯ ಹತ್ತಿರ ಏರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿಯ ಮಂದ್ರದ ತೂಕವೇ ಹೊರಟುಹೋಗುತ್ತದೆ. ಆಮೇಲೆ ಆ ಕಾಲದವರ ದನಿಯೇ ಹಾಗೆ ಅಂದುಕೊಳ್ಳುತ್ತೇವೆ. ವಿಎಲ್‌ಸಿಯಲ್ಲಿ ಆಡಿಯೋ ಪ್ರಿಫರೆನ್ಸ್‌ಗೆ ಹೋಗಿ 'ಟೈಮ್ ಸ್ಟ್ರೆಚಿಂಗ್' ಟಿಕ್ ತೆಗೆಯಿರಿ, ನಂತರ ಕೆಳಗಿನ ಪಟ್ಟಿಯಲ್ಲಿ 1.00 ಅಂತ ಕಾಣುವ ಕಡೆ ಕ್ಲಿಕ್ ಮಾಡಿ ವೇಗವನ್ನು 0.96ರ ಹತ್ತಿರ ತನ್ನಿ. ಟಿಕ್ ತೆಗೆಯದಿದ್ದರೆ ವೇಗ ಇಳಿಯುತ್ತದೆ, ಶ್ರುತಿ ಇಳಿಯುವುದಿಲ್ಲ. ಯೂಟ್ಯೂಬಿನ ವೇಗ ಬದಲಿಸುವ ಆಯ್ಕೆಯಲ್ಲಿಯೂ ಇದೇ ತೊಂದರೆ.

ಎಲ್ಲ ಫೈಲಿಗೂ ಈ ದೋಷ ಇರುವುದಿಲ್ಲ. ಇದೆಯೋ ಇಲ್ಲವೋ ಅಂತ ತಿಳಿಯಲು ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟ್ ಹತ್ತಿರ ವಿಡಿಯೋ ನಿಲ್ಲಿಸಿ, ಮೀಟರ್‌ನಲ್ಲಿ ಉದ್ದ ಬರೆದಿರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 27.4 ಮೀಟರ್ ಓಡುತ್ತದೆ. 4,000 ಮೀಟರ್ ಅಂದರೆ 146 ನಿಮಿಷ. ನಿಮ್ಮ ಫೈಲು 146 ಇದ್ದರೆ ವೇಗ, ಉದ್ದ ಎರಡೂ ಸರಿ. 140 ಇದ್ದರೆ ಏನೂ ಕತ್ತರಿಸಿಲ್ಲ, ಬರೀ ವೇಗ ಏರಿದೆ. 120 ಇದ್ದರೆ ಹಾಡನ್ನೋ ದೃಶ್ಯಗಳನ್ನೋ ಎತ್ತಿದ್ದಾರೆ, ಆ ಪ್ರತಿ ಬಿಟ್ಟುಬಿಡಿ. ಇನ್ನೂ ಹಳೆಯ ಸರ್ಟಿಫಿಕೇಟ್‌ಗಳಲ್ಲಿ ಅಡಿಯ ಲೆಕ್ಕ ಇದ್ದರೆ ನಿಮಿಷಕ್ಕೆ 90 ಅಡಿ ಅಂತ ಭಾಗಿಸಿ. "ಕತೆಗೆ ತಲೆಬುಡವಿಲ್ಲ" ಅಂತ ಬೈಸಿಕೊಳ್ಳುವ ಹಳೆ ಸಿನಿಮಾಗಳಲ್ಲಿ ಕೆಲವು ನಿಜಕ್ಕೂ ಒಂದೆರಡು ರೀಲು ಕಳೆದುಕೊಂಡ ಪ್ರತಿಗಳು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಅಂತೂ ನೋಡಲು ಒಂದು ಪ್ರಿಂಟೂ ಉಳಿದಿಲ್ಲ. ಅದನ್ನು ನೆನೆದರೆ ಗೀರು ಬಿದ್ದ ಪ್ರತಿ ಸಿಕ್ಕಿದ್ದೂ ದೊಡ್ಡದು ಅನಿಸುತ್ತದೆ.

ಬಣ್ಣದ ಬಗ್ಗೆ. ಕಪ್ಪುಬಿಳುಪು ಸಿನಿಮಾಕ್ಕೆ ನೀಲಿಯೋ ಹಸಿರೋ ಛಾಯೆ ಬಂದಿದ್ದರೆ ಟಿವಿಯ ಕಲರ್ ಅನ್ನು 0ಗೆ ಇಳಿಸಿ, ತಕ್ಷಣ ಶುದ್ಧವಾಗುತ್ತದೆ. 60-70ರ ದಶಕದ ಬಣ್ಣದ ಪ್ರಿಂಟುಗಳಲ್ಲಿ ನೀಲಿ-ಹಸಿರು ಅಂಶ ಮೊದಲು ಮಾಸುವುದರಿಂದ ಎಲ್ಲವೂ ಕೆಂಪಾಗುತ್ತದೆ. ಎಲೆಗಳು ಕಂದಾಗಿ ಕಂಡರೆ ಟಿಂಟ್ ಅನ್ನು ಹಸಿರಿನ ಕಡೆ ಸ್ವಲ್ಪ ಸರಿಸಿ, ಕಲರ್ ಅನ್ನು 50ರಿಂದ 40ಕ್ಕೆ ತನ್ನಿ. ಆಮೇಲೆ ಬಣ್ಣ ತುಂಬಿದ ಆವೃತ್ತಿಗಳು: 'ಸತ್ಯ ಹರಿಶ್ಚಂದ್ರ' (1965) 2008ರಲ್ಲಿ, 'ಕಸ್ತೂರಿ ನಿವಾಸ' (1971) 2014ರಲ್ಲಿ ಬಣ್ಣದಲ್ಲಿ ಮತ್ತೆ ಬಂದವು. ಹೊಸಬರನ್ನು ಥಿಯೇಟರಿಗೆ ಕರೆತಂದದ್ದು ಒಳ್ಳೆಯದೇ ಆಯಿತು, ಆದರೆ ಮನೆಯಲ್ಲಿ ನೋಡುವವರು ಮೂಲ ಕಪ್ಪುಬಿಳುಪನ್ನೇ ಹುಡುಕಿ. ಆ ದೀಪವಿನ್ಯಾಸ ಮಾಡಿದ್ದು ನೆರಳು ಬೆಳಕಿನ ಅಂತರಕ್ಕೆ. ಮೇಲೆ ಬಣ್ಣ ಬಳಿದರೆ ಮುಖದ ಮೇಲಿನ ಆ ಅಂತರವೇ ಮಂಕಾಗುತ್ತದೆ.

ಹಳೆಯದಕ್ಕೂ ಹೊಸದಕ್ಕೂ ಸಮನಾಗಿ ಕಾಡುವ ದೋಷ ಇನ್ನೊಂದಿದೆ. ಟಿವಿ ತಾನೇ ನಡುನಡುವೆ ಫ್ರೇಮ್ ಸೃಷ್ಟಿಸಿ ಚಲನೆಯನ್ನು ನುಣುಪು ಮಾಡುತ್ತದೆ, ಆಗ ಎಂಥ ಸಿನಿಮಾ ಆದರೂ ಸೀರಿಯಲ್ ನೋಡಿದಂತಾಗುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಆಫ್ ಮಾಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದೊಂದನ್ನು ಹಾಕಿದರೆ ಸಾಕು. ಇಲ್ಲದಿದ್ದರೆ 'ಸಿನಿಮಾ' ಅಥವಾ 'ಮೂವಿ', ಬಣ್ಣದ ತಾಪ 'ವಾರ್ಮ್', ಶಾರ್ಪ್‌ನೆಸ್ ಸೋನಿಯಲ್ಲಿ 50, ಉಳಿದವುಗಳಲ್ಲಿ 0ಯಿಂದ 10ರೊಳಗೆ. ಶಾರ್ಪ್‌ನೆಸ್ ಏರಿಸಿದರೆ ಹಳೆ ಫಿಲ್ಮಿನ ಕಣಗಳೆಲ್ಲ ಮರಳಿನಂತೆ ಎದ್ದು ಕಾಣುತ್ತವೆ.

ಈಗ ಧ್ವನಿ. ಹಳೆ ಸಿನಿಮಾದ ಧ್ವನಿ ಮೋನೋ, ಫಿಲ್ಮಿನ ಅಂಚಿನಲ್ಲೇ ಅಚ್ಚಾದದ್ದು. ಅದರ ಮೇಲಿನ ಸ್ಥಾಯಿಯಲ್ಲಿ ಸಂಗೀತಕ್ಕಿಂತ ಸರಸರ ಸದ್ದೇ ಹೆಚ್ಚು. ಟ್ರೆಬಲ್ ಎರಡು ಮೂರು ಅಂಕ ಇಳಿಸಿ, ಸರೌಂಡ್ ಪರಿಣಾಮಗಳನ್ನೆಲ್ಲ ತೆಗೆಯಿರಿ. ಒಂದೇ ಸ್ಪೀಕರಿನಲ್ಲಿ ಸದ್ದು ಬರುತ್ತಿದ್ದರೆ ಹೆದರಬೇಡಿ, ಅಪ್‌ಲೋಡಿನಲ್ಲಿ ಒಂದೇ ಚಾನೆಲ್ ತುಂಬಿದೆ ಅಷ್ಟೆ. ವಿಎಲ್‌ಸಿಯ ಆಡಿಯೋ ಮೆನುವಿನಲ್ಲಿ ಸ್ಟೀರಿಯೋ ಮೋಡ್ ಅನ್ನು 'ಲೆಫ್ಟ್' ಅಥವಾ 'ರೈಟ್' ಮಾಡಿದರೆ ಎರಡರಲ್ಲೂ ಬರುತ್ತದೆ.

ಹೊಸ ಸಿನಿಮಾದ ತೊಂದರೆಯೇ ಬೇರೆ. ಅದರ ಮಿಕ್ಸಿಂಗ್ ಥಿಯೇಟರಿಗಾಗಿ ಆಗಿರುತ್ತದೆ. ಮಾತು ಪರದೆಯ ಹಿಂದಿನ ಮಧ್ಯದ ಸ್ಪೀಕರಿಗೆ, ಸಂಗೀತ ಮತ್ತು ಏಟುಗಳು ಸುತ್ತಲಿನವಕ್ಕೆ. ನಿಮ್ಮ ಟಿವಿಯ ಎರಡು ಸಣ್ಣ ಸ್ಪೀಕರಿನಲ್ಲಿ ಅಷ್ಟನ್ನೂ ತುರುಕಿದಾಗ ಮಾತು ಸಂಗೀತದಡಿ ಮುಳುಗುತ್ತದೆ. ಆ್ಯಪ್‌ನ ಆಡಿಯೋ ಪಟ್ಟಿಯಲ್ಲಿ 'ಕನ್ನಡ 5.1' ಮತ್ತು 'ಕನ್ನಡ' ಎರಡೂ ಇದ್ದರೆ ಎರಡನೆಯದನ್ನು ಆರಿಸಿ. ಟಿವಿಯಲ್ಲಿ 'ಕ್ಲಿಯರ್ ವಾಯ್ಸ್' ಥರದ್ದು ಏನಿದ್ದರೂ ಹಾಕಿ, 'ಆಟೋ ವಾಲ್ಯೂಮ್' ಆನ್, 'ವರ್ಚುಯಲ್ ಸರೌಂಡ್' ಆಫ್. ಸೌಂಡ್‌ಬಾರ್ ಕೊಳ್ಳುವ ಯೋಚನೆ ಇದ್ದರೆ 2.1 ಬಿಟ್ಟು 3.1 ತಗೊಳ್ಳಿ. ಆ ಮೂರನೆಯದೇ ಮಾತಿನ ಸ್ಪೀಕರ್. ಅದನ್ನು 2-3 ಅಂಕ ಏರಿಸಿ, ಸಬ್‌ವೂಫರ್ ಅಷ್ಟೇ ಇಳಿಸಿ, ರಾತ್ರಿ ಹೊತ್ತು 'ನೈಟ್ ಮೋಡ್'. ರಾತ್ರಿಯ ದೃಶ್ಯಗಳು ಬರೀ ಕಪ್ಪಾಗಿ ಕಂಡರೆ ಟಿವಿಯ ಪವರ್ ಸೇವಿಂಗ್ ಆಫ್ ಮಾಡಿ, ಕಿಟಕಿ ಪರದೆ ಎಳೆಯಿರಿ. ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದಿಯಾಗುತ್ತದೆ.

ಇಷ್ಟಾದ ಮೇಲೆ ಅಭಿಪ್ರಾಯ. ಹಳೆಯದು ನಿಧಾನ ಅನ್ನುವುದಕ್ಕೆ ಕಾರಣ ಉಂಟು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲರೂ ಗುಬ್ಬಿ ಕಂಪನಿಯ ರಂಗದಿಂದ ಬಂದವರು, ಕೊನೆಯ ಸಾಲಿನವನಿಗೂ ಅಕ್ಷರ ಅಕ್ಷರ ಮುಟ್ಟುವಂತೆ ಮಾತಾಡಿ ಪಳಗಿದವರು. ಸಿನಿಮಾ ಓಡುತ್ತಿದ್ದದ್ದು ಟೂರಿಂಗ್ ಟಾಕೀಸಿನ ಗದ್ದಲದಲ್ಲಿ, ಆದ್ದರಿಂದ ಮುಖ್ಯ ಸಂಗತಿಯನ್ನು ಎರಡು ಸಲ ಹೇಳುತ್ತಿದ್ದರು. ಇದು ಗೊತ್ತಿದ್ದರೆ ಮೊದಲ ಅರ್ಧ ಗಂಟೆ ಕಷ್ಟವಾಗುವುದಿಲ್ಲ. ಆ ಸಿನಿಮಾಗಳ ನಿಜವಾದ ಬಲ ಬರವಣಿಗೆ. ತ್ರಿವೇಣಿಯವರ ಕಾದಂಬರಿಯಿಂದ 'ಶರಪಂಜರ' (1971), ಎಂ.ಕೆ. ಇಂದಿರಾ ಅವರದರಿಂದ 'ಗೆಜ್ಜೆ ಪೂಜೆ' (1969), ಟಿ.ಕೆ. ರಾಮರಾವ್ ಅವರದರಿಂದ 'ಬಂಗಾರದ ಮನುಷ್ಯ' (1972). ಪಾತ್ರಗಳು ಕಾಗದದ ಮೇಲೆ ಮೊದಲೇ ಗಟ್ಟಿಯಾಗಿದ್ದವು. ಹಾಡು ಕತೆಯನ್ನು ಮುಂದಕ್ಕೆ ಒಯ್ಯುತ್ತಿತ್ತು.

ಆದರೆ ಅದೇ ಕಾಲದ ಮಾಮೂಲಿ ಸಿನಿಮಾಗಳಲ್ಲಿ ಕತೆಗೆ ಸಂಬಂಧವೇ ಇಲ್ಲದ ಹಾಸ್ಯದ ಜೋಡಿ, ಕೊನೆಯ ರೀಲಿನ ಉಪದೇಶ, ಓದಿದ ಹೆಂಡತಿಯನ್ನು ಏಟು ಕೊಟ್ಟು 'ಸರಿದಾರಿಗೆ' ತರುವ ದೃಶ್ಯ ಬೇಕಾದಷ್ಟಿವೆ. ಅವನ್ನು ಹಳೆಯದು ಅನ್ನುವ ಒಂದೇ ಕಾರಣಕ್ಕೆ ಹೊಗಳಬೇಕಿಲ್ಲ. ಮಕ್ಕಳು ಪಕ್ಕದಲ್ಲಿದ್ದರೆ ಇದು ತಪ್ಪು ಅಂತ ಅಲ್ಲೇ ಹೇಳಿ.

ಹೊಸ ಸಿನಿಮಾಗಳು ಕೊಟ್ಟ ದೊಡ್ಡ ಕೊಡುಗೆ ಊರು ಮತ್ತು ಊರಿನ ಕನ್ನಡ. 'ತಿಥಿ'ಯಲ್ಲಿ (2015) ಮಂಡ್ಯದ ಹಳ್ಳಿಯವರೇ ತಮ್ಮ ಮಾತಿನಲ್ಲೇ ಮಾತಾಡುತ್ತಾರೆ, ವೃತ್ತಿನಟರಿಲ್ಲ. 'ಉಳಿದವರು ಕಂಡಂತೆ' (2014) ಮಲ್ಪೆಯ ಬಂದರಿನ ಮಾತನ್ನು, 'ಕಾಂತಾರ' (2022) ಕುಂದಾಪುರದ ಕಡೆಯ ಕನ್ನಡವನ್ನು ತೆರೆಗೆ ತಂದವು. ಹಿಂದೆ ಇಂಥ ಮಾತು ಹೆಚ್ಚಾಗಿ ನಗಿಸಲು ಮಾತ್ರ ಬರುತ್ತಿತ್ತು. ಹೊಸದರ ದೌರ್ಬಲ್ಯವೆಂದರೆ ಪ್ರತಿ ಸಾಲಿನ ಹಿಂದೆಯೂ ಮೊಳಗುವ ಸಂಗೀತ, ನಾಯಕ ಬರುವುದಕ್ಕೇ ಹತ್ತು ನಿಮಿಷದ ಸ್ಲೋ ಮೋಷನ್, ಎರಡನೇ ಭಾಗಕ್ಕಾಗಿ ಕತೆಯನ್ನು ಅರ್ಧಕ್ಕೇ ನಿಲ್ಲಿಸುವುದು. ಟಿಕೆಟ್ ಕೊಟ್ಟು ಬಂದವನಿಗೆ ಒಂದು ಪೂರ್ತಿ ಕತೆ ಸಿಗಬೇಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಶುರು ಮಾಡುವುದಕ್ಕೆ ಒಂದು ದಾರಿ ಹೇಳುತ್ತೇನೆ: ಒಬ್ಬ ನಟನನ್ನು ಹಿಡಿದು ಕಾಲದ ಜೊತೆ ನಡೆಯಿರಿ. ಅನಂತ್ ನಾಗ್ ಇದಕ್ಕೆ ಹೇಳಿಮಾಡಿಸಿದಂತಿದ್ದಾರೆ. ಮೊದಲು ವಠಾರದ ಹಾಸ್ಯ 'ಗಣೇಶನ ಮದುವೆ' (1990), ಮಕ್ಕಳು ಕೂರುತ್ತಾರೆ. ಆಮೇಲೆ ಶಂಕರ್ ನಾಗ್ ನಿರ್ದೇಶನದ 'ಮಿಂಚಿನ ಓಟ' (1980), ಕಾರು ಕಳ್ಳತನ, ಜೈಲಿನಿಂದ ತಪ್ಪಿಸಿಕೊಳ್ಳುವುದು, ಎಲ್ಲೂ ಎಳೆದಂತಿಲ್ಲ. ಅದರ ಬೆನ್ನಿಗೇ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016), ಮರೆವಿನ ಕಾಯಿಲೆಯ ತಂದೆಯಾಗಿ. ನಡುವೆ 36 ವರ್ಷ ಕಳೆದಿದ್ದರೂ ದನಿ ಏರಿಸದೆ ಮಾತಾಡುವ ಅದೇ ರೀತಿ. ಸುತ್ತಲಿನ ಸಂಗೀತ, ಕತ್ತರಿ, ಕ್ಯಾಮೆರಾ ಎಷ್ಟು ಬದಲಾಗಿದೆ ಅನ್ನುವುದು ಆಗ ತಾನಾಗಿ ಕಾಣುತ್ತದೆ.

ಅದು ರುಚಿಸಿದ ಮೇಲೆ 'ಬಂಗಾರದ ಮನುಷ್ಯ'. ಒಂದೇ ರಾತ್ರಿ ಬೇಡ, ಇಂಟರ್ವಲ್‌ಗೆ ನಿಲ್ಲಿಸಿ ಮರುದಿನ ಮುಂದುವರಿಸಿ. ಆಮೇಲೆ ಕಪ್ಪುಬಿಳುಪಿಗೆ ಹೋಗಿ: ಕಿವುಡು-ಮೂಕರ ಬದುಕನ್ನು ಕುರಿತ ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' (1964), ನಂತರ 'ಗೆಜ್ಜೆ ಪೂಜೆ'. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ದೊಡ್ಡವರ ಜೊತೆ ಕೊನೆಗೆ ಇಟ್ಟುಕೊಳ್ಳಿ. ಅದರ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಎಲ್ಲಾದರೂ ಅದರ ಪ್ರದರ್ಶನ ಇದೆ ಅಂತ ತಿಳಿದರೆ ಮೊಬೈಲಿನಲ್ಲಿ ಮಸುಕು ಪ್ರತಿ ನೋಡಿ ಮುಗಿಸಬೇಡಿ, ಕಾದು ಅಲ್ಲೇ ನೋಡಿ.

ನಿಮ್ಮ ಟಿವಿಯ ಮಾಡೆಲ್ ನಂಬರ್ ಮತ್ತು ಪಿಕ್ಚರ್ ಮೆನುವಿನ ಫೋಟೋ ಇಲ್ಲೇ ಹಾಕಿ ಸರ್. ಆಯ್ಕೆಗಳ ಹೆಸರು ಕಂಪನಿಗೊಂದು ಥರ ಇರುತ್ತದೆ, ಯಾವುದನ್ನು ಎಷ್ಟಕ್ಕೆ ಇಡಬೇಕು ಅಂತ ನೋಡಿ ಹೇಳುತ್ತೇನೆ.